ಬ್ಯಾಕ್ಟೀರಿಯಾದ ಚೀಟಿಗೆ ಊರವರ ಕಾವಲು

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯ ವ್ಯಾಪಾರಿ ಒಬ್ಬರು. ದಾದಿಯಾಗಿದ್ದ ಕ್ರೈಸ್ತ ಸನ್ಯಾಸಿನಿ ಒಬ್ಬರು. ಕಟ್ಟಡ ಬೀಳದಂತೆ ಲೆಕ್ಕ ಹಾಕಿಕೊಡುವ ಎಂಜಿನಿಯರ್, ಒಬ್ಬ ವೈದ್ಯರು, ಬಡಾವಣೆಯ ಕೆಲಸಕ್ಕೆಂದು ಸದಾ ಓಡಾಡುವ ಮಹಿಳೆ, ಒಬ್ಬ ಮೇಷ್ಟ್ರು. ಎಲ್ಲರನ್ನೂ ಸೇರಿಸಿದರೂ ಹತ್ತು ಜನವಾಗದು. 1976ರ ಕೊನೆಯ ತಿಂಗಳುಗಳಲ್ಲಿ ಇವರು ವಾರವಾರವೂ ಒಂದೆಡೆ ಕುಳಿತು, ಪ್ರಪಂಚದಲ್ಲೇ ಹೆಸರಾದ ಎರಡು ವಿದ್ಯಾಸಂಸ್ಥೆಗಳ ವಿಜ್ಞಾನಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಕೇಳಿ, ತೂಗಿ ನೋಡಿ, ಆ ವಿಜ್ಞಾನಿಗಳು ತಮ್ಮ ಊರಿನಲ್ಲಿ ಒಂದು ಬಗೆಯ ಪ್ರಯೋಗ ಮಾಡಬಹುದೋ ಬೇಡವೋ ಎಂದು ಅಭಿಪ್ರಾಯ ಕೊಟ್ಟರು.

ನಮ್ಮಲ್ಲಿ ಅವು ತುರ್ತು ಪರಿಸ್ಥಿತಿಯ ದಿನಗಳು. ಈ ಪುಟ ಓದುತ್ತಿರುವ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಅದೇ ಹೊತ್ತಿಗೆ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಎಂಬ ಊರಿನಲ್ಲಿ ಇದು ನಡೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯ ಇರುವುದು ಅಲ್ಲೇ, ಎಂಐಟಿ ಇರುವುದೂ ಅಲ್ಲೇ. ಸಮಿತಿಯಲ್ಲಿದ್ದವರಲ್ಲಿ ಜೀನ್ ಕತ್ತರಿಸಿ ಅಂಟಿಸುವ ಕೆಲಸ ಬಲ್ಲವರು ಒಬ್ಬರೂ ಇರಲಿಲ್ಲ. ಬೇಕೆಂದೇ ಹಾಗೆ ಆರಿಸಿದ್ದರು.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳುತ್ತಿದ್ದಾಗ ಈ ಕತೆಯನ್ನು ಮಕ್ಕಳಿಗೆ ಹೇಳುವುದಿತ್ತು. ಪಾಠದ ಮಧ್ಯೆ ಆಕಳಿಸುವವರೂ ಇದಕ್ಕೆ ಕಿವಿ ನಿಮಿರಿಸುತ್ತಿದ್ದರು. ಆದರೆ ಕತೆ ಅರ್ಥವಾಗಬೇಕಾದರೆ ಮೊದಲು ಬ್ಯಾಕ್ಟೀರಿಯಾದ ಚೀಟಿ ಯಾವುದು ಎಂದು ತಿಳಿಯಬೇಕು.

ಸಾರಿನ ಪುಡಿಯ ಅಳತೆ

ಪ್ರತಿ ಬ್ಯಾಕ್ಟೀರಿಯಾದೊಳಗೂ ಅದರ ಬದುಕಿಗೆ ಬೇಕಾದ ಸೂಚನೆಗಳೆಲ್ಲ ಇರುವ ಉದ್ದನೆಯ ಡಿಎನ್‌ಎ ಇರುತ್ತದೆ. ಅದನ್ನು ಮನೆಯ ದಪ್ಪ ಅಡುಗೆ ಪುಸ್ತಕ ಎಂದುಕೊಳ್ಳಿ. ಅದನ್ನು ಯಾರೂ ಯಾರಿಗೂ ಕೊಡುವುದಿಲ್ಲ, ಮಕ್ಕಳಿಗೆ ಮಾತ್ರ ಬರುತ್ತದೆ. ಆದರೆ ಪಕ್ಕದ ಮನೆಯವರು ಬಂದು “ನಿಮ್ಮ ಸಾರಿನ ಪುಡಿಗೆ ಏನೇನು ಹಾಕ್ತೀರಿ?” ಎಂದು ಕೇಳಿದರೆ ಅಜ್ಜಿ ಒಂದು ಚೀಟಿಯಲ್ಲಿ ಬರೆದುಕೊಡುತ್ತಾರಲ್ಲ, ಹಾಗೆ ಹಲವು ಬ್ಯಾಕ್ಟೀರಿಯಾಗಳಲ್ಲಿ ಬಳೆಯಾಕಾರದ ಪುಟ್ಟ ಡಿಎನ್‌ಎ ತುಂಡುಗಳೂ ಇರುತ್ತವೆ. ಇವಕ್ಕೆ ಪ್ಲಾಸ್ಮಿಡ್ ಎಂದು ಹೆಸರು. 1952ರಲ್ಲಿ ಈ ಹೆಸರಿಟ್ಟವರು ಜೋಶುವಾ ಲೆಡರ್‌ಬರ್ಗ್ ಎಂಬ ವಿಜ್ಞಾನಿ. ಎರಡು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ತಾಗಿ ನಿಂತಾಗ ಚೀಟಿಯ ಒಂದು ನಕಲು ಇದರಿಂದ ಅದಕ್ಕೆ ಹೋಗುತ್ತದೆ. ಅಕ್ಕಪಕ್ಕದ ಬಂಧುಗಳಿಗಷ್ಟೇ ಅಲ್ಲ, ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಹೋಗಬಲ್ಲದು.

ಚೀಟಿಯಲ್ಲಿ ಏನು ಬರೆದಿರುತ್ತದೆ? ಹಲವು ಸಲ, ನಮ್ಮ ಆಂಟಿಬಯೋಟಿಕ್ ಔಷಧವನ್ನು ಎದುರಿಸುವ ಉಪಾಯ. ಪೆನಿಸಿಲಿನ್ ಬಂದರೆ ಅದನ್ನು ತುಂಡರಿಸುವ ಕತ್ತರಿಯೊಂದನ್ನು ಮಾಡಿಕೊಳ್ಳುವುದು ಹೇಗೆ, ಟೆಟ್ರಾಸೈಕ್ಲಿನ್ ಒಳಗೆ ಬಂದರೆ ಪಂಪಿನಂತೆ ಹೊರಗೆ ಚೆಲ್ಲುವುದು ಹೇಗೆ, ಕನಮೈಸಿನ್ ಬಂದರೆ ಅದಕ್ಕೊಂದು ಬಾಲ ಅಂಟಿಸಿ ಕೆಲಸಕ್ಕೆ ಬಾರದಂತೆ ಮಾಡುವುದು ಹೇಗೆ, ಹೀಗೆ.

ಈ ಚೀಟಿ ಹಂಚುವ ಆಟ ವೈದ್ಯರ ಕಣ್ಣಿಗೆ ದೊಡ್ಡದಾಗಿ ಬಿದ್ದದ್ದು ಜಪಾನಿನಲ್ಲಿ. ಎರಡನೇ ಮಹಾಯುದ್ಧದ ನಂತರ ಅಲ್ಲಿ ರಕ್ತಭೇದಿ ಹಬ್ಬಿತ್ತು. ಮೊದಲು ಸಲ್ಫಾ ಮಾತ್ರೆ ಕೊಟ್ಟರು, ಅದು ಸೋತಿತು. ಹೊಸ ಔಷಧಗಳನ್ನು ತಂದರು. 1950ರ ದಶಕದಲ್ಲಿ ಒಂದಲ್ಲ ಎರಡಲ್ಲ, ನಾಲ್ಕು ಔಷಧಗಳಿಗೂ ಒಟ್ಟಿಗೆ ಜಗ್ಗದ ರೋಗಾಣುಗಳು ಕಂಡವು. ನಾಲ್ಕು ಉಪಾಯಗಳನ್ನು ಒಂದೊಂದಾಗಿ ಕಲಿಯಲು ಅವಕ್ಕೆ ಇಷ್ಟು ಬೇಗ ಸಾಧ್ಯವಾದದ್ದು ಹೇಗೆ? ಕಲಿತಿರಲಿಲ್ಲ. ನಾಲ್ಕನ್ನೂ ಬರೆದ ಒಂದೇ ಚೀಟಿ ಕರುಳಿನೊಳಗಿನ ಬೇರೆ ಬ್ಯಾಕ್ಟೀರಿಯಾದಿಂದ ದಾಟಿಬರುತ್ತಿತ್ತು. ತ್ಸುತೊಮು ವಾತನಾಬೆ ಎಂಬ ವಿಜ್ಞಾನಿ 1963ರಲ್ಲಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದ ಮೇಲೆ ಹೊರಗಿನ ಪ್ರಪಂಚ ಕಣ್ಣುಬಿಟ್ಟಿತು.

ಇಲ್ಲಿಯವರೆಗೆ ಚೀಟಿ ಬರೆಯುವವರೂ ಹಂಚುವವರೂ ಬ್ಯಾಕ್ಟೀರಿಯಾಗಳೇ. ಮನುಷ್ಯ ನಡುವೆ ಬಂದದ್ದು ಆಮೇಲೆ.

ಹವಾಯಿಯ ಊಟದಂಗಡಿಯಲ್ಲಿ

1972ರ ನವೆಂಬರ್‌ನಲ್ಲಿ ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ಪ್ಲಾಸ್ಮಿಡ್‌ಗಳ ಬಗ್ಗೆ ಒಂದು ಸಭೆ. ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೊಹೆನ್ ಪ್ಲಾಸ್ಮಿಡ್‌ಗಳನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸುವ ಕೆಲಸ ಬಲ್ಲವರು. ಸ್ಯಾನ್ ಫ್ರಾನ್ಸಿಸ್ಕೊದ ಹರ್ಬರ್ಟ್ ಬೋಯರ್ ಬಳಿ ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲೇ ಕತ್ತರಿಸುವ ಕಿಣ್ವವಿತ್ತು. ಒಂದು ರಾತ್ರಿ ವೈಕಿಕಿ ಕಡಲತಡಿಯ ಹತ್ತಿರದ ಅಂಗಡಿಯೊಂದರಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ ಇಬ್ಬರೂ ಮಾತಿಗಿಳಿದರು. ನಿಮ್ಮ ಕತ್ತರಿ, ನಮ್ಮ ಚೀಟಿ, ಕೂಡಿಸಿದರೆ ಹೇಗೆ? ವಿಜ್ಞಾನದ ಎಷ್ಟೋ ದೊಡ್ಡ ಕೆಲಸಗಳು ಊಟದ ಮೇಜಿನಲ್ಲೇ ಶುರುವಾಗಿವೆ, ಸಭಾಂಗಣದಲ್ಲಿ ಎಲ್ಲರೂ ತೂಕಡಿಸುತ್ತಿರುತ್ತಾರೆ.

ಎರಡೂ ಪ್ರಯೋಗಾಲಯಗಳ ನಡುವೆ ಐವತ್ತು ಅರವತ್ತು ಕಿಲೋಮೀಟರ್. ಕೊಹೆನ್ ಜೊತೆ ಕೆಲಸ ಮಾಡುತ್ತಿದ್ದ ಆನಿ ಚಾಂಗ್ ಅವರ ಮನೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದುದರಿಂದ ಡಿಎನ್‌ಎ ಕೊಳವೆಗಳನ್ನು ಹೋಗುವಾಗ ಬರುವಾಗ ಅವರೇ ಒಯ್ಯುತ್ತಿದ್ದರು. 1973ರಲ್ಲಿ ಫಲ ಸಿಕ್ಕಿತು. ಟೆಟ್ರಾಸೈಕ್ಲಿನ್ ಎದುರಿಸುವ ಪಿಎಸ್‌ಸಿ-101 ಎಂಬ ಪ್ಲಾಸ್ಮಿಡ್ಡಿಗೆ, ಕನಮೈಸಿನ್ ಎದುರಿಸುವ ಇನ್ನೊಂದು ತುಂಡನ್ನು ಅಂಟಿಸಿ, ಇ. ಕೊಲೈ ಎಂಬ ಬ್ಯಾಕ್ಟೀರಿಯಾದೊಳಗೆ ಕಳಿಸಿದರು. ಅದು ಎರಡು ಔಷಧಗಳಿಗೂ ಜಗ್ಗದೆ ಬೆಳೆಯಿತು.

ಇಲ್ಲಿ ಒಂದು ಪ್ರಶ್ನೆ ನಿಮಗೆ ಬಂದಿರಬೇಕು, ಬರಬೇಕು ಕೂಡ. ಬೇರೇನೂ ಸಿಗಲಿಲ್ಲವೇ ಇವರಿಗೆ? ಔಷಧವನ್ನು ಸೋಲಿಸುವ ಜೀನನ್ನೇ ಯಾಕೆ ಹಿಡಿದುಕೊಂಡರು?

ಕಾರಣವಿದೆ. ಬ್ಯಾಕ್ಟೀರಿಯಾದೊಳಗೆ ಚೀಟಿ ಸೇರಿಸುವುದು ಸುಲಭವಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನು ಚೀಟಿಗಳ ಜೊತೆ ಒಂದು ಕೊಳವೆಯಲ್ಲಿ ಬೆರೆಸಿದರೆ ಎಲ್ಲೋ ಕೆಲವು ಮಾತ್ರ ಒಳಗೆ ತೆಗೆದುಕೊಳ್ಳುತ್ತವೆ. ಅವು ಯಾವುವು ಎಂದು ಹುಡುಕುವುದು ಹೇಗೆ? ಕಣದ ರಾಶಿಯಲ್ಲಿ ಒಂದು ಸಾಸಿವೆ ಹುಡುಕಿದಂತೆ. ಅದಕ್ಕೊಂದು ಜರಡಿ ಬೇಕು. ಬೆಳೆಯುವ ತಟ್ಟೆಯಲ್ಲಿ ಟೆಟ್ರಾಸೈಕ್ಲಿನ್ ಬೆರೆಸಿಟ್ಟರೆ ಚೀಟಿ ಇಲ್ಲದವು ಸಾಯುತ್ತವೆ, ಇದ್ದವು ಮಾತ್ರ ಬೆಳಗ್ಗೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಆಂಟಿಬಯೋಟಿಕ್ ನಿರೋಧಕ ಜೀನ್ ಅವರಿಗೆ ಆಯುಧವಲ್ಲ, ಗುರುತಿನ ಬಿಲ್ಲೆ. ಇಂದಿಗೂ ಪ್ರಪಂಚದ ಜೀನ್ ಪ್ರಯೋಗಾಲಯಗಳಲ್ಲಿ, ನಮ್ಮ ಬೆಂಗಳೂರಿನವೂ ಸೇರಿ, ದಿನವೂ ಬಳಸುವುದು ಇದೇ ಉಪಾಯವನ್ನು.

ಆದರೆ ಬಿಲ್ಲೆಯೇ ಆಯುಧವಾಗುವ ಜಾಗವೂ ಇದೆಯಲ್ಲ. ಕೊಹೆನ್ ಮತ್ತು ಚಾಂಗ್ ಮುಂದಿನ ಪ್ರಯೋಗದಲ್ಲಿ ಸ್ಟೆಫಿಲೊಕಾಕಸ್ ಎಂಬ ಪೂರ್ತಿ ಬೇರೆ ಜಾತಿಯ ಬ್ಯಾಕ್ಟೀರಿಯಾದಿಂದ ಪೆನಿಸಿಲಿನ್ ನಿರೋಧಕ ಜೀನನ್ನು ತೆಗೆದು ಇ. ಕೊಲೈಗೆ ಸೇರಿಸಿದರು. ಅಲ್ಲೂ ಅದು ಕೆಲಸ ಮಾಡಿತು. 1974ರಲ್ಲಿ ಈ ವರದಿ ಅಚ್ಚಾಯಿತು. ಜಾತಿಯ ಗೋಡೆಯನ್ನು ಕೊಳವೆಯಲ್ಲೇ ದಾಟಿಸಬಹುದು ಎಂದು ಗೊತ್ತಾಯಿತು. ಹಾಗಾದರೆ ಗಂಟಲು ನೋವು ತರುವ, ಇವತ್ತಿಗೂ ಸಾದಾ ಪೆನಿಸಿಲಿನ್ನಿಗೆ ಸಾಯುವ ಒಂದು ರೋಗಾಣುವಿಗೆ ಯಾರಾದರೂ ಕುತೂಹಲಕ್ಕಾಗಿ ಆ ಚೀಟಿ ಕೊಟ್ಟುಬಿಟ್ಟರೆ?

ತಮಗೆ ತಾವೇ ಹಾಕಿಕೊಂಡ ಬೇಲಿ

ಈ ಪ್ರಶ್ನೆ ಕೇಳಿದವರು ಮೊದಲು ಹೊರಗಿನವರಲ್ಲ, ವಿಜ್ಞಾನಿಗಳೇ. 1973ರ ಬೇಸಿಗೆಯ ಒಂದು ಸಭೆಯಲ್ಲಿ ಬೋಯರ್ ತಮ್ಮ ಪ್ರಯೋಗದ ವಿಷಯ ಹೇಳಿದಾಗ ಕೆಲವು ಕಿರಿಯ ವಿಜ್ಞಾನಿಗಳಿಗೆ ಕಸಿವಿಸಿಯಾಯಿತು. ಅಧ್ಯಕ್ಷತೆ ವಹಿಸಿದ್ದ ಮ್ಯಾಕ್ಸೀನ್ ಸಿಂಗರ್ ಮತ್ತು ಡೀಟರ್ ಸೋಲ್ ಅದನ್ನು ಸಭೆಯ ಮುಂದಿಟ್ಟರು. ಮತ ಹಾಕಿ, ಬಹಿರಂಗ ಪತ್ರವೊಂದನ್ನು ಬರೆದರು. ಮರುವರ್ಷ, 1974ರ ಜುಲೈಯಲ್ಲಿ, ಪಾಲ್ ಬರ್ಗ್ ಮುಂದಾಳಾಗಿ ಹನ್ನೊಂದು ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಪತ್ರ ಪ್ರಕಟಿಸಿದರು. ಅಪಾಯ ಎಷ್ಟೆಂದು ತಿಳಿಯುವವರೆಗೆ ಎರಡು ಬಗೆಯ ಪ್ರಯೋಗಗಳನ್ನು ನಾವೂ ಮಾಡುವುದಿಲ್ಲ, ನೀವೂ ಮಾಡಬೇಡಿ ಎಂದು ಲೋಕದ ವಿಜ್ಞಾನಿಗಳಿಗೆಲ್ಲ ಕೇಳಿಕೊಂಡರು. ಎರಡನೆಯದು ಪ್ರಾಣಿಗಳ ವೈರಸ್ಸಿಗೆ ಸಂಬಂಧಿಸಿದ್ದು. ಮೊದಲನೆಯದು ನಮ್ಮ ಚೀಟಿಯ ವಿಷಯ: ಆಂಟಿಬಯೋಟಿಕ್ ನಿರೋಧಕ ಶಕ್ತಿಯನ್ನಾಗಲಿ, ವಿಷ ಉತ್ಪಾದಿಸುವ ಶಕ್ತಿಯನ್ನಾಗಲಿ, ಅದು ಇಲ್ಲದ ಬ್ಯಾಕ್ಟೀರಿಯಾಕ್ಕೆ ಹೊಸದಾಗಿ ಕೊಡುವುದು.

ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಕೊಹೆನ್ ಇದ್ದರು, ಬೋಯರ್ ಇದ್ದರು. ಪ್ರಯೋಗ ಗೆದ್ದು, ಹೆಸರು ಬರುವ ಹೊತ್ತಿನಲ್ಲಿ ನಿಲ್ಲಿಸಿ ಎನ್ನುವ ಕಾಗದಕ್ಕೆ ಸಹಿ ಹಾಕುವುದು ಸಣ್ಣ ಮಾತಲ್ಲ. ನನಗೆ ಅವರ ಮೇಲಿರುವ ಗೌರವಕ್ಕೆ ಅವರ ಪ್ರಯೋಗದಷ್ಟೇ ಈ ಸಹಿಯೂ ಕಾರಣ.

1975ರ ಫೆಬ್ರುವರಿ ಕೊನೆಯ ವಾರ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಅಸಿಲೊಮಾರ್ ಎಂಬಲ್ಲಿ ಸುಮಾರು ನೂರೈವತ್ತು ಜನ ಸೇರಿದರು. ಪತ್ರಕರ್ತರೂ ಇದ್ದರು, ವಕೀಲರೂ ಇದ್ದರು. ಜಗಳವೂ ಆಯಿತು. ಪ್ಲಾಸ್ಮಿಡ್ ಎಂದು ಹೆಸರಿಟ್ಟ ಲೆಡರ್‌ಬರ್ಗ್ ಅವರಿಗೂ, ಡಿಎನ್‌ಎ ರಚನೆ ಕಂಡುಹಿಡಿದ ಜೇಮ್ಸ್ ವಾಟ್ಸನ್ ಅವರಿಗೂ ಕಟ್ಟುಪಾಡುಗಳು ಬೇಡವಾಗಿದ್ದವು. ವಾಟ್ಸನ್ ಹಿಂದಿನ ವರ್ಷ ಪತ್ರಕ್ಕೆ ಸಹಿ ಹಾಕಿದ್ದವರೇ! ಕೊನೆಗೆ ವಕೀಲರು ಎದ್ದು, ಅವಘಡವಾದರೆ ಕಾನೂನಿನಲ್ಲಿ ಯಾರು ಹೊಣೆಯಾಗುತ್ತಾರೆ ಎಂದು ವಿವರಿಸಿದ ಮೇಲೆ ಸಭೆ ಗಂಭೀರವಾಯಿತು.

ಅಲ್ಲಿ ಬಂದ ಚಂದದ ಯೋಚನೆ ಸಿಡ್ನಿ ಬ್ರೆನ್ನರ್ ಅವರದು. ಗೋಡೆ, ಬಾಗಿಲು, ಮುಖಗವಸುಗಳನ್ನೇ ನಂಬುವುದೇಕೆ, ಪ್ರಯೋಗಾಲಯದ ಹೊರಗೆ ಬದುಕಲಾರದಂಥ ಕುಂಟು ಬ್ಯಾಕ್ಟೀರಿಯಾವನ್ನೇ ಮಾಡಿಕೊಳ್ಳೋಣ ಎಂದರು. ರಾಯ್ ಕರ್ಟಿಸ್ ಎಂಬುವರು ಅಲಬಾಮಾದಲ್ಲಿ ಅದನ್ನು ಮಾಡಿಯೂ ತೋರಿಸಿದರು. ಅವರ ಬ್ಯಾಕ್ಟೀರಿಯಾಕ್ಕೆ ಮೈಗೋಡೆ ಕಟ್ಟಿಕೊಳ್ಳಲು ಬೇಕಾದ ಒಂದು ವಸ್ತುವನ್ನು ಮನುಷ್ಯನೇ ಬಡಿಸಬೇಕು. ನಮ್ಮ ಕರುಳಿನಲ್ಲಿ ಆ ವಸ್ತು ಸಿಗದು, ಅಲ್ಲಿರುವ ಪಿತ್ತರಸವಂತೂ ಅದಕ್ಕೆ ಆಗಿಬರದು. ಅಮೆರಿಕ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬಿದ ನೆನಪಿಗೆ ಅದಕ್ಕೆ ಕೈ-1776 ಎಂದು ಹೆಸರಿಟ್ಟರು. ಸಾಯಲೆಂದೇ ಹುಟ್ಟಿಸಿದ ಬ್ಯಾಕ್ಟೀರಿಯಾಕ್ಕೆ ಸ್ವಾತಂತ್ರ್ಯದ ಹೆಸರು!

ಪ್ರಯೋಗಕ್ಕೆ ಬಳಸುತ್ತಿದ್ದ ಇ. ಕೊಲೈ ಕೂಡ ಅಂಥ ಗಟ್ಟಿಗನೇನಲ್ಲ. ಕೆ-12 ಎಂಬ ಆ ತಳಿಯನ್ನು 1922ರಲ್ಲಿ ಒಬ್ಬ ರೋಗಿಯಿಂದ ತೆಗೆದಿದ್ದರು. ಅಂದಿನಿಂದ ತಟ್ಟೆಯಿಂದ ತಟ್ಟೆಗೆ, ಬಡಿಸಿದ್ದನ್ನು ಉಣ್ಣುತ್ತ ಬೆಳೆದು ಅದು ಮೆತ್ತಗಾಗಿಬಿಟ್ಟಿತ್ತು. ಬ್ರಿಟನ್ನಿನಲ್ಲಿ ಇದನ್ನು ಮನುಷ್ಯರಿಗೇ ಕುಡಿಸಿ, ಆಮೇಲೆ ದಿನವೂ ಮಲಪರೀಕ್ಷೆ ಮಾಡಿ ನೋಡಿದರು. ಕೆಲವೇ ದಿನಗಳಲ್ಲಿ ಅದು ಕಾಣೆಯಾಯಿತೆಂದು 1975ರಲ್ಲಿ ವರದಿಯಾಯಿತು. ಕುಡಿದ ಪುಣ್ಯಾತ್ಮರಿಗೊಂದು ನಮಸ್ಕಾರ.

ಮೇಯರ್ ಕೇಳಿದ ಪ್ರಶ್ನೆಗಳು

1976ರ ಜೂನ್ 23ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ನಿಯಮಗಳನ್ನು ಹೊರಡಿಸಿತು. ಪ್ರಯೋಗಾಲಯಗಳನ್ನು ಪಿ-1ರಿಂದ ಪಿ-4ರವರೆಗೆ ನಾಲ್ಕು ಅಂತಸ್ತಾಗಿ ವಿಂಗಡಿಸಿತು. ಒಂದರಲ್ಲಿ ಕೈ ತೊಳೆದು ಮೇಜು ಒರೆಸಿದರೆ ಸಾಕು, ನಾಲ್ಕರಲ್ಲಿ ಸ್ನಾನ ಮಾಡಿಯೇ ಹೊರಗೆ ಬರಬೇಕು. ಜೊತೆಗೆ ಪೂರ್ತಿ ನಿಷೇಧಿಸಿದ ಪ್ರಯೋಗಗಳ ಪಟ್ಟಿಯೂ ಇತ್ತು. ಸಹಜವಾಗಿ ಬಾರದ ನಿರೋಧಕ ಶಕ್ತಿಯನ್ನು ಒಂದು ಸೂಕ್ಷ್ಮಜೀವಿಗೆ ಕೊಟ್ಟು, ಅದರಿಂದ ರೋಗಕ್ಕೆ ಕೊಡುವ ಔಷಧವೇ ಕೆಲಸಕ್ಕೆ ಬಾರದಂತಾಗುವುದಾದರೆ ಅಂಥ ಪ್ರಯೋಗ ಕೂಡದು ಎಂಬುದು ಆ ಪಟ್ಟಿಯಲ್ಲಿತ್ತು.

ಅದೇ ದಿನ ಸಂಜೆ ಕೇಂಬ್ರಿಜ್ ನಗರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ಹಾರ್ವರ್ಡ್ ತನ್ನ ಹಳೆಯ ಜೀವಶಾಸ್ತ್ರ ಕಟ್ಟಡದಲ್ಲಿ ಪಿ-3 ಪ್ರಯೋಗಾಲಯ ಕಟ್ಟಲು ಹೊರಟಿತ್ತು. ಆ ಕಟ್ಟಡದ ತುಂಬ ಇರುವೆ. ಎಷ್ಟು ಔಷಧ ಹೊಡೆದರೂ ಹೋಗದ, ಗೋಡೆ ಗೋಡೆಯಲ್ಲೂ ಹರಿದಾಡುವ ಪುಟ್ಟ ಹಳದಿ ಇರುವೆ. ಇರುವೆಯನ್ನೇ ಒಳಗೆ ಬಾರದಂತೆ ತಡೆಯಲಾಗದವರು ಬ್ಯಾಕ್ಟೀರಿಯಾವನ್ನು ಹೊರಗೆ ಹೋಗದಂತೆ ತಡೆಯುತ್ತಾರೆಯೇ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಅದೇ ವಿಶ್ವವಿದ್ಯಾಲಯದ ರೂತ್ ಹಬ್ಬರ್ಡ್, ಅವರ ಪತಿ, ನೊಬೆಲ್ ಪಡೆದ ಜಾರ್ಜ್ ವಾಲ್ಡ್ ಅವರಿಗೂ ಈ ಪ್ರಯೋಗಾಲಯ ಬೇಡವಾಗಿತ್ತು.

ಮೇಯರ್ ಆಲ್ಫ್ರೆಡ್ ವೆಲ್ಲುಚಿ ಅವರಿಗೂ ಹಾರ್ವರ್ಡಿಗೂ ಹಿಂದಿನಿಂದ ಎಣ್ಣೆ ಸೀಗೆಕಾಯಿ. ವಿಶ್ವವಿದ್ಯಾಲಯದ ಹಸಿರು ಅಂಗಳಕ್ಕೆ ಟಾರು ಹಾಕಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಹಿಂದೊಮ್ಮೆ ಹೇಳಿದ್ದ ಗಟ್ಟಿಗ. ಆ ಸಂಜೆ ಅವರು ವಿಜ್ಞಾನಿಗಳಿಗೆ ಹಾಕಿದ ಮೊದಲ ಷರತ್ತು ನನಗೆ ಬಹಳ ಇಷ್ಟ: ಇಂಗ್ಲಿಷ್ ಅಕ್ಷರಮಾಲೆ ಬಳಸಬೇಡಿ. ಅಂದರೆ, ಡಿಎನ್‌ಎ, ಪಿ-3, ಇಕೆ-2 ಎಂದು ಅಕ್ಷರ ಪೋಣಿಸದೆ ಸಾಮಾನ್ಯರಿಗೆ ತಿಳಿಯುವಂತೆ ಮಾತಾಡಿ. (ನಮ್ಮ ಕಚೇರಿಗಳ ಗೋಡೆಗೂ ಇದನ್ನು ಬರೆದು ಹಾಕಬಹುದು.)

ಆಮೇಲೆ ಕೇಳಿದ ಪ್ರಶ್ನೆಗಳು ಹತ್ತು ವರ್ಷದ ಮಗು ಕೇಳುವಂಥವು. ವಿಜ್ಞಾನಿಗಳು ಎಂದಾದರೂ ತಪ್ಪು ಮಾಡುತ್ತಾರೆಯೇ? ಅವರ ಕೈಯಲ್ಲಿ ಅವಘಡ ಆಗುವುದುಂಟೇ? ಈ ಕ್ಷಣ ನನ್ನ ಹೊಟ್ಟೆಯೊಳಗೆ ಇ. ಕೊಲೈ ಇದೆಯೇ? ಈ ಸಭೆಯಲ್ಲಿರುವ ಎಲ್ಲರ ಹೊಟ್ಟೆಯಲ್ಲೂ ಇದೆಯೇ? ಇದೆ, ಹೌದು, ಎಲ್ಲರ ಹೊಟ್ಟೆಯಲ್ಲೂ ಇದೆ. ಕೇಳಿದ ಜನ ಗಾಬರಿಯಾದರು. ಗಾಬರಿಪಡಬೇಕಾದದ್ದು ಏನಿಲ್ಲ, ಅದು ನಮ್ಮ ಕರುಳಿನ ಹಳೆಯ ಬಾಡಿಗೆದಾರ. ಆದರೆ ಮೇಯರ್ ಕೇಳಿದ್ದರಲ್ಲಿ ಹುರುಳಿತ್ತು. ಪ್ರಯೋಗದ ಬ್ಯಾಕ್ಟೀರಿಯಾದ ನೆಂಟರಿಷ್ಟರೆಲ್ಲ ನಮ್ಮೊಳಗೇ ಇರುವಾಗ, ಅದು ಹೊರಬಿದ್ದರೆ ಚೀಟಿ ಯಾರ ಕೈಗೆ ಹೋದೀತು?

ಜುಲೈಯಲ್ಲಿ ನಗರಸಭೆ ಮೂರು ತಿಂಗಳ ತಡೆ ಹಾಕಿತು. ಆಮೇಲೆ ಇನ್ನಷ್ಟು ಮುಂದುವರಿಸಿತು. ಎಣ್ಣೆ ವ್ಯಾಪಾರಿ, ಸನ್ಯಾಸಿನಿ, ಎಂಜಿನಿಯರ್ ಇದ್ದ ಸಮಿತಿ ಹುಟ್ಟಿದ್ದು ಆಗ. ಅಧ್ಯಕ್ಷರು ಆ ಎಣ್ಣೆ ವ್ಯಾಪಾರಿಯೇ.

ಇವರು ಏನು ಮಾಡಬಲ್ಲರು ಎಂದು ಹಲವು ವಿಜ್ಞಾನಿಗಳು ಒಳಗೊಳಗೇ ನಕ್ಕಿರಬೇಕು. ಮೊದಮೊದಲು ಸಮಿತಿಗೂ ತಲೆಬುಡ ತಿಳಿಯಲಿಲ್ಲ. ಆದರೆ ಬಿಡಲಿಲ್ಲ. ಓದಿದರು, ಪ್ರಯೋಗಾಲಯಗಳಿಗೆ ಹೋಗಿ ನೋಡಿದರು, ಪರವಾಗಿದ್ದವರನ್ನೂ ವಿರೋಧಿಗಳನ್ನೂ ಎದುರುಬದುರು ಕೂರಿಸಿ ವಾದ ಕೇಳಿದರು. 1977ರ ಜನವರಿಯಲ್ಲಿ ವರದಿ ಕೊಟ್ಟರು. ಪ್ರಯೋಗ ನಡೆಯಲಿ, ಆದರೆ ರಾಷ್ಟ್ರದ ನಿಯಮಕ್ಕಿಂತ ಒಂದಿಷ್ಟು ಹೆಚ್ಚಿನ ಎಚ್ಚರ ಇರಲಿ ಎಂದರು. ಫೆಬ್ರುವರಿಯಲ್ಲಿ ನಗರಸಭೆ ಅದನ್ನು ಕಾನೂನು ಮಾಡಿತು. ಅಮೆರಿಕದಲ್ಲಿ ಈ ವಿಷಯಕ್ಕೆ ಬಂದ ಮೊದಲ ಕಾನೂನು ಅದು.

ಹೆಚ್ಚಿನ ಎಚ್ಚರ ಎಂದರೆ ಏನು? ಪ್ರಯೋಗಕ್ಕೆ ಬಳಸುವ ತಳಿ ಕಲಬೆರಕೆಯಾಗಿಲ್ಲ ಎಂದು ಪರೀಕ್ಷಿಸಬೇಕು. ಕೆಲಸಗಾರರ ಮೈಯೊಳಗೆ ಅದು ಬದುಕಿ ಉಳಿದಿದೆಯೇ ಎಂದು ಗಮನಿಸುತ್ತಿರಬೇಕು. ಇನ್ನೊಂದು, ನಾನು ಇಷ್ಟು ಹೊತ್ತು ಹೇಳುತ್ತಿರುವ ವಿಷಯ: ಪ್ರಯೋಗದಲ್ಲಿ ಹುಟ್ಟಿದ ಬ್ಯಾಕ್ಟೀರಿಯಾಗಳು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಆಂಟಿಬಯೋಟಿಕ್‌ಗಳಿಗೆ ಸಾಯುತ್ತವೆಯೇ ಎಂದು ಪರೀಕ್ಷೆ ಮಾಡಬೇಕು. ಒಂದು ವೇಳೆ ಯಾರಿಗಾದರೂ ತಗುಲಿದರೆ ಕೊಡಲು ಔಷಧ ಇರಬೇಕಲ್ಲ! ಮನೆಯಲ್ಲಿ ನಾಯಿ ಸಾಕುವ ಮುಂಚೆ ಹತ್ತಿರದ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಇದೆಯೇ ಎಂದು ಕೇಳಿಕೊಳ್ಳುವಷ್ಟು ಸರಳ ಯೋಚನೆ.

ತಿಪ್ಪೆಗೆ ಹೋದ ಕೆಲಸ, ಸೀಸೆಗೆ ಬಂದ ಇನ್ಸುಲಿನ್

ನಿಯಮ ಕಾಗದದಲ್ಲಿದ್ದರೆ ಸಾಕೇ, ಪಾಲಿಸುತ್ತಾರೆಯೇ ಎಂದು ಹಿರಿಯರು ಕೇಳಬಹುದು. 1977ರಲ್ಲೇ ಪರೀಕ್ಷೆ ಬಂತು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಲಿಯ ಇನ್ಸುಲಿನ್ ಜೀನಿನ ಕೆಲಸ ಭರದಿಂದ ಸಾಗಿತ್ತು. ಅದಕ್ಕೆ ಪಿಬಿಆರ್-322 ಎಂಬ ಹೊಸ ಪ್ಲಾಸ್ಮಿಡ್ ಬಳಸಿದ್ದರು. ಆ ಚೀಟಿಯಲ್ಲಿ ಎರಡು ಆಂಟಿಬಯೋಟಿಕ್‌ಗಳ ನಿರೋಧಕ ಜೀನುಗಳಿವೆ. ತಜ್ಞರ ಸಮಿತಿ ಒಪ್ಪಿದ್ದರೂ ಅದನ್ನು ಬಳಸಬಹುದೆಂಬ ಅಧಿಕೃತ ಮುದ್ರೆ ಆಗ ಇನ್ನೂ ಬಿದ್ದಿರಲಿಲ್ಲ. ಗೊತ್ತಾದ ಮೇಲೆ ಬೆಳೆಸಿದ್ದನ್ನೆಲ್ಲ ನಾಶಮಾಡಿ, ಒಪ್ಪಿಗೆ ಪಡೆದ ಪ್ಲಾಸ್ಮಿಡ್ ಹಿಡಿದು ಮೊದಲಿನಿಂದ ಶುರುಮಾಡಿದರು. ಆದರೂ ಅದು ಸೆನೆಟ್ ವಿಚಾರಣೆಯವರೆಗೆ ಹೋಯಿತು. ಅಪಾಯ ಏನೂ ಆಗಿರಲಿಲ್ಲ, ಪಿಬಿಆರ್-322ಕ್ಕೆ ಕೆಲವೇ ತಿಂಗಳಲ್ಲಿ ಒಪ್ಪಿಗೆಯೂ ಸಿಕ್ಕಿತು. ಸರದಿ ತಪ್ಪಿಸಿ ಮುಂದೆ ಹೋದವನನ್ನು ಹಿಂದಕ್ಕೆ ಕಳಿಸಿದರು, ಅಷ್ಟೇ. ಅಷ್ಟೇ ಎಂದರೂ, ವಾರಗಟ್ಟಲೆಯ ಬೆವರು ತಿಪ್ಪೆಗೆ ಹೋದದ್ದು ನಿಜ.

1978ರಲ್ಲಿ ಮನುಷ್ಯರ ಇನ್ಸುಲಿನ್ನನ್ನೇ ಇ. ಕೊಲೈಯಿಂದ ಮಾಡಿಸಿದರು, 1982ರಲ್ಲಿ ಅದು ಔಷಧವಾಗಿ ಅಮೆರಿಕದ ಅಂಗಡಿಗೆ ಬಂತು. ಅದಕ್ಕೂ ಮುಂಚೆ ಸಕ್ಕರೆ ಕಾಯಿಲೆಯವರು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಅಜ್ಜನ ಇನ್ಸುಲಿನ್ ಸೀಸೆ ಇದ್ದರೆ, ಹೊನೊಲುಲುವಿನ ಆ ಸ್ಯಾಂಡ್‌ವಿಚ್ಚಿನ ಪಾಲು ಅದರಲ್ಲೂ ಇದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಂದು ಹೆದರಿದಂತೆ ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಚೀಟಿಯಿಂದ ಊರಿಗೆ ರೋಗ ಹಬ್ಬಲಿಲ್ಲ. ಇಂದು ಔಷಧಕ್ಕೆ ಜಗ್ಗದ ರೋಗಾಣುಗಳು ಆಸ್ಪತ್ರೆಗಳಲ್ಲಿ ತುಂಬಿವೆ, ಆದರೆ ಅವನ್ನು ಬೆಳೆಸಿದ್ದು ಬಿಳಿ ಕೋಟಿನ ವಿಜ್ಞಾನಿಯ ಕೊಳವೆಯಲ್ಲ. ಎರಡು ದಿನ ನುಂಗಿ ಜ್ವರ ಬಿಟ್ಟೊಡನೆ ಡಬ್ಬಿಗೆ ಸೇರುವ ಮಾತ್ರೆ, ಶೀತಕ್ಕೂ ಕೊಡುವ ಆಂಟಿಬಯೋಟಿಕ್, ಕೋಳಿ ಬೇಗ ದಪ್ಪವಾಗಲೆಂದು ಮೇವಿಗೆ ಬೆರೆಸುವ ಔಷಧ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಇದನ್ನು ಹೇಳಿದ್ದರು. ಗಂಟಲು ನೋವಿಗೆ ಅಂಗಡಿಯಿಂದ ತಂದು ಅರೆಬರೆ ಪೆನಿಸಿಲಿನ್ ತೆಗೆದುಕೊಂಡ ಗಂಡ, ಅವನಲ್ಲಿ ಪಳಗಿದ ರೋಗಾಣು ತಗುಲಿ ಔಷಧ ನಾಟದೆ ಸಾಯುವ ಹೆಂಡತಿ, ಇಂಥದೊಂದು ಕಾಲ್ಪನಿಕ ಉದಾಹರಣೆ ಕೊಟ್ಟು ಎಚ್ಚರಿಸಿದ್ದರು.

ಪ್ರಯೋಗಾಲಯಕ್ಕೆ ಅಷ್ಟು ಬೇಗ ಕಾವಲು ಬಂತು, ಅಂಗಡಿಗೆ ಬರಲು ನಮ್ಮಲ್ಲಿ 2014ರವರೆಗೆ ಕಾಯಬೇಕಾಯಿತು. ಆ ವರ್ಷದ ಮಾರ್ಚ್‌ನಿಂದ ಎಚ್-1 ಎಂಬ ಪಟ್ಟಿಯ ಔಷಧಗಳನ್ನು ಮಾರುವಾಗ ಮೆಡಿಕಲ್ ಸ್ಟೋರಿನವರು ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವೆಂಬುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಕೊಲಿಸ್ಟಿನ್ ಎಂಬ, ಮಿಕ್ಕವೆಲ್ಲ ಸೋತಾಗ ಕೊಡುವ ಔಷಧವನ್ನು ಕೋಳಿ ಮತ್ತು ಜಾನುವಾರುಗಳ ಮೇವಿಗೆ ಬಳಸದಂತೆ 2019ರಲ್ಲಿ ನಿಷೇಧಿಸಿದರು. ಮಕ್ಕಳೇ, ಮನೆಯ ಔಷಧದ ಡಬ್ಬಿ ದೊಡ್ಡವರ ಜೊತೆ ಕುಳಿತು ನೋಡಿ. ಕೆಲವು ಮಾತ್ರೆಯ ಪಟ್ಟಿಗಳ ಮೇಲೆ ನೆಟ್ಟಗೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರು ಬರೆದುಕೊಡದೆ ತೆಗೆದುಕೊಳ್ಳಬಾರದ್ದು ಎಂದು ಅದರ ಅರ್ಥ.

ಬದನೆಕಾಯಿಯೊಳಗೆ

ನಮ್ಮ ದೇಶದಲ್ಲಿ ಜೀನ್ ಪ್ರಯೋಗಗಳ ಕಾವಲಿಗೆ 1989ರ ಡಿಸೆಂಬರ್‌ನಲ್ಲಿ ಪರಿಸರ ಕಾಯಿದೆಯ ಅಡಿಯಲ್ಲಿ ನಿಯಮ ಬಂತು. ಅದರಂತೆ ಇಂಥ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಒಂದು ಜೈವಿಕ ಸುರಕ್ಷಾ ಸಮಿತಿ ಇರಬೇಕು, ಅದರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಕಳಿಸಿದ ಒಬ್ಬರು ಕೂರಬೇಕು. ಅದರ ಮೇಲೆ ದೆಹಲಿಯಲ್ಲಿ ಇನ್ನೊಂದು ಸಮಿತಿ, ಹೊಲಕ್ಕೋ ಮಾರುಕಟ್ಟೆಗೋ ಬರುವಂಥದ್ದಾದರೆ ಪರಿಸರ ಸಚಿವಾಲಯದ ಮತ್ತೊಂದು ಸಮಿತಿ.

ಜರಡಿಯ ವಿಷಯ ನಮ್ಮ ಅಡುಗೆಮನೆಯ ಹೊಸ್ತಿಲಿಗೂ ಬಂದಿತ್ತು. ಹುಳು ಬಾರದಂತೆ ಮಾಡಿದ ಬಿಟಿ ಬದನೆಯ ಗಿಡದಲ್ಲಿ, ಯಾವ ಕೋಶಕ್ಕೆ ಹೊಸ ಜೀನ್ ಸೇರಿತೆಂದು ಆರಿಸಲು ಬಳಸಿದ ಕನಮೈಸಿನ್ ನಿರೋಧಕ ಜೀನೂ ಉಳಿದುಕೊಂಡಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಯೋಜನೆಯಲ್ಲಿ ಪಾಲುದಾರ. ವಿರೋಧಿಸಿದವರ ಆಕ್ಷೇಪಗಳಲ್ಲಿ ಈ ಜೀನೂ ಒಂದು. ಬದನೆ ತಿಂದರೆ ಅದರಿಂದ ನಮ್ಮ ಕರುಳಿನ ಬ್ಯಾಕ್ಟೀರಿಯಾಕ್ಕೆ ಆ ಶಕ್ತಿ ದಾಟುವ ಸಾಧ್ಯತೆ ತೀರಾ ಕಡಿಮೆ ಎಂಬುದು ಬಹುಪಾಲು ತಜ್ಞರ ಅಭಿಪ್ರಾಯ. ನನಗೂ ಅದು ಸರಿ ಅನ್ನಿಸುತ್ತದೆ, ಮಣ್ಣಿನಲ್ಲೇ ಆ ಜೀನ್ ಬೇಕಾದಷ್ಟಿದೆ. ಆದರೆ ಕೇಳಬೇಡಿ ಎನ್ನುವವರ ಜೊತೆ ನಾನಿಲ್ಲ. 2010ರ ಆರಂಭದಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯದು ನಮ್ಮ ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ವೈದ್ಯರು, ಗೃಹಿಣಿಯರು ಎಲ್ಲ ಬಂದು ಮಾತಾಡಿದರು, ಗದ್ದಲವೂ ಆಯಿತು. ಫೆಬ್ರುವರಿ 9ರಂದು ಬಿಟಿ ಬದನೆಗೆ ತಡೆ ಬಿತ್ತು. ಕೇಂಬ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಕುಳಿತು ಕಲಿತಂಥ ಒಂದು ನಾಗರಿಕ ಸಮಿತಿ ಇಲ್ಲೂ ಇದ್ದಿದ್ದರೆ ಗದ್ದಲ ಕಡಿಮೆಯಾಗಿ ವಿಚಾರ ಹೆಚ್ಚಾಗುತ್ತಿತ್ತೇನೋ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಮೊಮ್ಮಕ್ಕಳು ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಬಹುದು. ಜೀವಶಾಸ್ತ್ರದ ವಿಭಾಗಗಳಲ್ಲಿ ಸುತ್ತುವಾಗ ಮೂರು ಕೊಂಬಿನಂಥ ಬಳೆಗಳ ಗುರುತು ಕಂಡರೆ ನಿಂತು ನೋಡಿ, ಅದು ಜೈವಿಕ ಅಪಾಯದ ಚಿಹ್ನೆ. ಹತ್ತಿರದಲ್ಲೆಲ್ಲೋ ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳನ್ನು ಕಸಕ್ಕೆ ಹಾಕುವ ಮುಂಚೆ ಅದರಲ್ಲಿಟ್ಟು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಪಕ್ಕದಲ್ಲಿರುವ ವಿದ್ಯಾರ್ಥಿಯನ್ನು ಕೇಳಿ: ನಿಮ್ಮ ತಟ್ಟೆಯಲ್ಲಿರುವುದು ಯಾವ ಔಷಧದ ಜರಡಿ? ನಿಮ್ಮ ಸುರಕ್ಷಾ ಸಮಿತಿ ಕಳೆದ ಸಲ ಸೇರಿದ್ದು ಯಾವಾಗ? ಅಕ್ಷರಮಾಲೆ ಬೇಡ, ನಮಗೆ ತಿಳಿಯುವಂತೆ ಹೇಳಿ ಎನ್ನುವುದನ್ನು ಮರೆಯಬೇಡಿ.